ಕಾದಂಬರಿಯವರ ಮನೆಗೆ ಹೋಗುವ ಮುನ್ನ

ಕನ್ನಡ ಕಾದಂಬರಿಗಳಲ್ಲಿ ಯಾರನ್ನು ಒಮ್ಮೆ ಮುಖತಃ ಕಾಣಬೇಕು ಅನಿಸುತ್ತದೆ ಎಂದು ಕೇಳಿದರೆ ಬರುವ ಹೆಸರುಗಳು ಹೆಚ್ಚುಕಡಿಮೆ ಅವೇ: ಕರ್ವಾಲೋ, ಮೂಕಜ್ಜಿ, ‘ಕಾನೂರು ಹೆಗ್ಗಡಿತಿ’ಯ ಹೂವಯ್ಯ, ನಂಜಮ್ಮ. ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಾರೆ. ಕಂಡರೆ ಏನು ಮಾತಾಡುತ್ತೀರಿ ಅಂದರೆ ಮಾತ್ರ ಉತ್ತರ ಹೊರಡುವುದಿಲ್ಲ. ಯಾಕೆಂದರೆ ನಮಗೆ ಅವರ ಹಣೆಬರಹ ಗೊತ್ತು, ಕಸುಬು ಗೊತ್ತಿಲ್ಲ. ನಂಜಮ್ಮ ಪಟ್ಟ ಪಾಡು ನೆನಪಿದೆ. ಬೆಳಗಿನಿಂದ ಸಂಜೆಯವರೆಗೆ ಅವಳ ಕೈ ಏನು ಮಾಡುತ್ತಿತ್ತು ಅನ್ನುವುದು ಮರೆತಿದೆ. ಒಬ್ಬರನ್ನು ಭೇಟಿಯಾಗುವುದು ಅಂದರೆ ಅವರು ಕೆಲಸದಲ್ಲಿರುವಾಗ ಪಕ್ಕದಲ್ಲಿ ಕೂರುವುದು. ಪುಸ್ತಕದಲ್ಲೂ ಅಷ್ಟೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾಗಿ ಇಷ್ಟದ ಪಾತ್ರವನ್ನು ಎರಡನೇ ಸಲ ಓದುವಾಗ ಪಕ್ಕದಲ್ಲೊಂದು ಹಾಳೆ ಇಟ್ಟುಕೊಂಡು ನಾಲ್ಕು ವಿಷಯ ಬರೆದುಕೊಳ್ಳಿ. ಅವರು ಎಲ್ಲಿ ಸಿಗುತ್ತಾರೆ? ಯಾವ ಹೊತ್ತಿನಲ್ಲಿ? ಆಗ ಅವರ ಕೈಯಲ್ಲಿ ಏನಿರುತ್ತದೆ? ನಿಮ್ಮನ್ನು ಏನೆಂದು ಕರೆಯುತ್ತಾರೆ? ನಾಲ್ಕಕ್ಕೂ ಪುಸ್ತಕದೊಳಗಿಂದಲೇ ಉತ್ತರ ತೆಗೆಯಬೇಕು, ಊಹೆ ಬೇಡ. ಮೊದಲ ಮೂರು ಬೇಗ ತುಂಬುತ್ತವೆ. ನಾಲ್ಕನೆಯದು ತೊಡಕಿನದು, ಅದಕ್ಕೆ ಆಮೇಲೆ ಬರುತ್ತೇನೆ.

ತೇಜಸ್ವಿಯವರ ‘ಕರ್ವಾಲೋ’ (1980) ತೆಗೆದುಕೊಳ್ಳಿ. ಎಲ್ಲರಿಗೂ ವಿಜ್ಞಾನಿ ಕರ್ವಾಲೋ ಬೇಕು. ನಾನು ಹೇಳುವುದು, ಮೊದಲು ಮಂದಣ್ಣನನ್ನು ಹಿಡಿಯಿರಿ. ಊರಿನ ಕಣ್ಣಿಗೆ ಅವನೊಬ್ಬ ಕೆಲಸಕ್ಕೆ ಬಾರದವನು. ಕರ್ವಾಲೋ ಕಣ್ಣಿಗೆ ಹುಟ್ಟಾ ಜೀವಶಾಸ್ತ್ರಜ್ಞ. ಹಾರುವ ಓತಿಯನ್ನು ಕಂಡವನೂ ಅವನೇ. ಆದರೆ ಅವನ ಹತ್ತಿರ ಹೋಗಿ "ಪ್ರಕೃತಿಯ ಬಗ್ಗೆ ಏನಾದರೂ ಹೇಳು ಮಾರಾಯ" ಅಂದರೆ ಏನೂ ಹೇಳುವುದಿಲ್ಲ. ಅವನು ಜೇನು ಹಿಡಿಯುವವನು, ಜೇನಿನ ಬಗ್ಗೆ ಕೇಳಬೇಕು. ಕೇಳಲು ನಮಗೂ ಅಷ್ಟಿಷ್ಟು ಗೊತ್ತಿರಬೇಕು.

ಪೊಟರೆಯಲ್ಲಿರುವ ತುಡುವೆ ಜೇನನ್ನು ಪೆಟ್ಟಿಗೆಗೆ ಇಳಿಸುವ ಕ್ರಮ ಸ್ಥೂಲವಾಗಿ ಹೀಗೆ. ಇಳಿಹೊತ್ತಿನಲ್ಲಿ ಪೊಟರೆಯ ಬಾಯಿ ಅಗಲಿಸಿ, ಹೊಗೆಯನ್ನು ಹಿತವಾಗಿ ಬಿಡಬೇಕು. ಹೊಗೆ ಅತಿಯಾದರೆ ಹುಳುಗಳು ಗೂಡನ್ನೇ ಬಿಟ್ಟು ಏಳುತ್ತವೆ. ಎರಿಗಳನ್ನು, ಅಂದರೆ ಮೇಣದ ಹಲ್ಲೆಗಳನ್ನು, ಒಂದೊಂದಾಗಿ ಕುಯ್ದು, ಮರಿ ಇರುವ ಎರಿಯನ್ನು ಮಾತ್ರ ಚೌಕಟ್ಟಿಗೆ ಬಾಳೆನಾರಿನಲ್ಲಿ ಕಟ್ಟಬೇಕು. ಮೊದಲು ಹೇಗಿತ್ತೋ ಹಾಗೆಯೇ ನಿಲ್ಲಿಸಿ ಕಟ್ಟಬೇಕು; ಕಣಗಳ ಬಾಯಿ ತುಸು ಮೇಲ್ಮುಖವಾಗಿರುತ್ತದೆ, ತಲೆಕೆಳಗಾದರೆ ಒಳಗಿರುವುದು ಸೋರುತ್ತದೆ. ಜೇನುತುಪ್ಪದ ಎರಿಯನ್ನು ಬೇರೆ ಇಡದಿದ್ದರೆ ರಾತ್ರಿಯೊಳಗೆ ಇರುವೆ ಮುತ್ತುತ್ತದೆ. ಇಷ್ಟೆಲ್ಲ ಸರಿಯಾದರೂ ರಾಣಿ ಪೆಟ್ಟಿಗೆಗೆ ಬಾರದಿದ್ದರೆ, ಇಲ್ಲವೇ ಗಡಿಬಿಡಿಯಲ್ಲಿ ನಜ್ಜುಗುಜ್ಜಾದರೆ, ಪಟ್ಟ ಶ್ರಮವೆಲ್ಲ ವ್ಯರ್ಥ. ರಾಣಿ ಒಳಗೆ ಬಂದರೆ ಉಳಿದವು ತಾವಾಗಿ ಬರುತ್ತವೆ.

ಇಷ್ಟು ತಿಳಿದು ಕಾದಂಬರಿಗೆ ಮರಳಿದರೆ ಮಂದಣ್ಣ ಬೇರೆಯೇ ಮನುಷ್ಯನಾಗಿ ಕಾಣುತ್ತಾನೆ. ಅವನದು ಪೆದ್ದುತನವಲ್ಲ, ಹುಳುವಿನ ವೇಗಕ್ಕೆ ಹೊಂದಿಕೊಂಡ ನಿಧಾನ. ಅವನನ್ನು ಕೇಳಬೇಕಾದ ನಿಜವಾದ ಪ್ರಶ್ನೆಯೂ ಆಗ ಹುಟ್ಟುತ್ತದೆ. ಪುಸ್ತಕ ಬಂದು ಹನ್ನೊಂದು ಹನ್ನೆರಡು ವರ್ಷಕ್ಕೆ, 1991-92ರ ಸುಮಾರಿಗೆ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣದ ತುಡುವೆ ಕುಟುಂಬಗಳನ್ನು ಸಾಲುಸಾಲಾಗಿ ಕೊಂದಿತು. ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ ಕಣದಲ್ಲೇ ಸಾಯುತ್ತಿದ್ದವು. ಮಲೆನಾಡಿನಲ್ಲಿ ಎಷ್ಟೋ ಪೆಟ್ಟಿಗೆಗಳು ಖಾಲಿಯಾದವು. ಆಗ ನೀನೇನು ಮಾಡಿದೆ ಮಂದಣ್ಣ, ಕಾಡಿನ ಪೊಟರೆಗಳಲ್ಲಿ ಯಾವುದಾದರೂ ಕುಟುಂಬ ಉಳಿದಿತ್ತಾ? ನನ್ನ ಪಟ್ಟಿಯಲ್ಲಿ ಮೊದಲ ಪ್ರಶ್ನೆ ಇದು.

ಓತಿಯ ವಿಚಾರಕ್ಕೆ ಒಂದು ಮಾತು. ಕಾದಂಬರಿಯಲ್ಲಿ ಅದು ಕಾಲದ ಆಚೆಯಿಂದ ಬಂದ ಜೀವಿ. ಆದರೆ ಹಾರುವ ಓತಿ ಪಶ್ಚಿಮಘಟ್ಟದ ಅಡಿಕೆ ತೋಟಗಳಲ್ಲಿ ಇವತ್ತಿಗೂ ಇದೆ. ಉದ್ದವಾಗಿ ಬೆಳೆದ ಪಕ್ಕೆಲುಬುಗಳ ಮೇಲೆ ಹಾಸಿದ ಚರ್ಮವೇ ಅದರ ರೆಕ್ಕೆ. ಅದನ್ನು ಬಡಿಯುವುದಿಲ್ಲ, ಬಿಚ್ಚಿ ಮರದಿಂದ ಮರಕ್ಕೆ ತೇಲುತ್ತದೆ. ಗಂಡಿನ ಗಂಟಲಿನ ಕೆಳಗೆ ಹಳದಿ ಚೀಲವಿದೆ. ಕಾಂಡದ ಮೇಲೆ ಕೂತಾಗ ತೊಗಟೆಯ ಬಣ್ಣಕ್ಕೂ ಅದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಆ ಹಳದಿ ಮಿಂಚಿದಾಗಲೇ ಗೊತ್ತಾಗುವುದು. ಈ ಪುಸ್ತಕದಲ್ಲಿ ನೀವು ನಿಜಕ್ಕೂ ಭೇಟಿಯಾಗಬಹುದಾದ ಪಾತ್ರ ಅದೊಂದೇ!

ಮೂಕಜ್ಜಿಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅವಳ ಹತ್ತಿರ ಭವಿಷ್ಯ ಕೇಳಲು ಹೋಗುವವರು ಕಾರಂತರ ‘ಮೂಕಜ್ಜಿಯ ಕನಸುಗಳು’ ಪುಸ್ತಕವನ್ನು ಸರಿಯಾಗಿ ಓದಿಲ್ಲ. ವಸ್ತುವೊಂದನ್ನು ಕೈಯಲ್ಲಿಟ್ಟರೆ ಅವಳಿಗೆ ಅದರ ಹಿಂದಿನದು ಕಾಣುತ್ತದೆ. ಖಾಲಿ ಕೈಯಲ್ಲಿ ಹೋಗಬೇಡಿ. ಪ್ರಶ್ನೆ ಕೇಳುವ ರೀತಿಯನ್ನು ಮೊಮ್ಮಗ ಸುಬ್ಬರಾಯನಿಂದ ಕಲಿಯಿರಿ: ಮೊದಲು ವಸ್ತು, ಆಮೇಲೆ ಮೌನ, ಅವಳು ಮಾತು ಮುಗಿಸಿದ ಮೇಲೆ ಸಂಶಯ. ದೇವರ ವಿಷಯದಲ್ಲಿ ಅವಳು ಮುಲಾಜಿಲ್ಲದೆ ಮಾತಾಡುತ್ತಾಳೆ. ಕಾಲಿಗೆ ಬೀಳಲೆಂದೇ ಹೋದವರಿಗೆ ಅದು ಕೇಳಿಸುವುದೇ ಇಲ್ಲ.

ಈಗ ನಾಲ್ಕನೇ ಪ್ರಶ್ನೆ, ನಿಮ್ಮನ್ನು ಏನೆಂದು ಕರೆಯುತ್ತಾರೆ ಅನ್ನುವುದು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದ ಯಾರಿಗೂ ನಾಯಿಗುತ್ತಿಯನ್ನು, ಅವನ ನಾಯಿ ಹುಲಿಯನನ್ನು ಕಾಣಬೇಕು ಅನಿಸದೆ ಇರದು. ಸರಿ, ಗುತ್ತಿ ಆಳಾಗಿರುವ ಸಿಂಬಾವಿ ಹೆಗ್ಗಡೆಯವರ ಮನೆಗೆ ಹೋದಿರಿ ಅನ್ನಿ. ನಿಮ್ಮನ್ನು ಜಗಲಿಗೆ ಕರೆಯುತ್ತಾರೋ ಅಂಗಳದಲ್ಲೇ ನಿಲ್ಲಿಸುತ್ತಾರೋ ಅನ್ನುವುದು ಹತ್ತೊಂಬತ್ತನೇ ಶತಮಾನದ ಆ ಮಲೆನಾಡಿನಲ್ಲಿ ನಿಮ್ಮ ಜಾತಿಯ ಮೇಲೆ ನಿಂತಿದೆ. ಜಗಲಿಯ ಮೇಲಿದ್ದರೆ ಗುತ್ತಿ ನಿಮಗೆ "ಅಯ್ಯಾ" ಅನ್ನುತ್ತಾನೆ, ದೂರದಲ್ಲಿ ನಿಂತು. ಸಲುಗೆಯ ಮಾತು ಅಲ್ಲಿಗೇ ಮುಗಿಯಿತು. ಅವನು ತನ್ನವರೊಡನೆ, ತಾನು ಮೆಚ್ಚಿದ ತಿಮ್ಮಿಯೊಡನೆ, ಹುಲಿಯನೊಡನೆ ಆಡುವ ಮಾತೇ ಬೇರೆ. ನಮ್ಮಲ್ಲಿ ಬಹಳ ಮಂದಿ ಪಾತ್ರಗಳನ್ನು ಭೇಟಿಯಾಗುವ ಕನಸು ಕಾಣುವಾಗ ಈ ಅಂಗಳವನ್ನು ದಾಟಿಬಿಡುತ್ತೇವೆ. ದಾಟಬಾರದು. ಗುತ್ತಿಯನ್ನು ಸಮಕ್ಕೆ ಕಾಣಬೇಕಾದರೆ ಅವನು ಹೆಗ್ಗಡೆಯವರ ಮನೆಯಿಂದ ದೂರ ಕಾಡುದಾರಿಯಲ್ಲಿರುವ ಪುಟಗಳಿಗೇ ಹೋಗಬೇಕು.

ಈ ಕಾದಂಬರಿಯನ್ನು ಎಷ್ಟೋ ಜನ ಅರ್ಧಕ್ಕೇ ಬಿಡುತ್ತಾರೆ. ಹೆಸರುಗಳು ಕಲಸಿಹೋಗುತ್ತವೆ ಎಂಬುದೇ ದೂರು. ನಾಯಕನನ್ನು ಹುಡುಕುತ್ತಾ ಓದುವುದೇ ಇದಕ್ಕೆ ಕಾರಣ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ ಎಂದು ಕವಿ ಮೊದಲೇ ಹೇಳಿಟ್ಟಿದ್ದಾರೆ. ವ್ಯಕ್ತಿಗಳ ಬದಲು ಮನೆಗಳನ್ನು ಬರೆದುಕೊಳ್ಳಿ: ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹಳೆಮನೆ, ಹೂವಳ್ಳಿ, ಕಲ್ಲೂರು. ಒಂದೊಂದಕ್ಕೆ ಒಂದು ಹಾಳೆ, ಒಡೆಯರು ಮೇಲೆ, ಆಳುಗಳು ಕೆಳಗೆ, ಯಾರು ಯಾವ ಮನೆಗೆ ಹೋದರು ಎಂಬುದಕ್ಕೆ ಬಾಣದ ಗುರುತು. ಸಿ. ಬಸವಲಿಂಗಯ್ಯನವರ ನಿರ್ದೇಶನದ, ರಾತ್ರಿಯಿಡೀ ನಡೆಯುವ ನಾಟಕ ನೋಡುವವರಿದ್ದರೆ ಓದಿ ಮುಗಿಸಿಯೇ ನೋಡಿ. ನಟರ ಮುಖ ಒಮ್ಮೆ ಕಣ್ಣಿಗೆ ಹತ್ತಿದರೆ ನಿಮ್ಮ ಗುತ್ತಿ ಮರಳಿ ಬರುವುದಿಲ್ಲ. 1975ರ ‘ಚೋಮನ ದುಡಿ’ ಚಿತ್ರದ ವಾಸುದೇವರಾವ್ ಅಷ್ಟು ದೊಡ್ಡ ನಟರಾದದ್ದರಿಂದಲೇ ಇವತ್ತು ಚೋಮ ಅಂದರೆ ನಮಗೆ ಅವರೊಬ್ಬರ ಮುಖವೇ.

ಭೈರಪ್ಪನವರ ‘ಗೃಹಭಂಗ’ದ ನಂಜಮ್ಮನಿಗೆ ಮರುಕ ತೋರಿಸಲು ಹೋಗಬೇಡಿ, ಅವಳಿಗೆ ಪುರುಸೊತ್ತಿಲ್ಲ. ಗಂಡನ ಹೆಸರಿನ ಶ್ಯಾನುಭೋಗಿಕೆಯ ಲೆಕ್ಕ ಬರೆಯುವವಳು ಅವಳು. ಅದರ ನಡುವೆ ಊಟಕ್ಕೆ ಮುತ್ತುಗದ ಎಲೆ ಹಚ್ಚುವ, ಅಂದರೆ ಕಡ್ಡಿ ಚುಚ್ಚಿ ಜೋಡಿಸುವ, ಕೆಲಸ. ಮುತ್ತುಗದೆಲೆಯನ್ನು ಒಣಗಿಸಿ, ಭಾರ ಹೇರಿ ಚಪ್ಪಟೆ ಮಾಡಿ, ಹಚ್ಚುವ ಮೊದಲು ನೀರು ಚಿಮುಕಿಸಬೇಕು. ಇಲ್ಲದಿದ್ದರೆ ಕಡ್ಡಿ ಚುಚ್ಚಿದಲ್ಲಿ ಸೀಳುತ್ತದೆ. ನೀರು ಹೆಚ್ಚಾದರೆ ಕಟ್ಟಿಟ್ಟ ಎಲೆಗೆ ಬೂಸು ಹಿಡಿಯುತ್ತದೆ. ನಡುವಿಗೆ ಅಗಲದ ಎಲೆ, ಸುತ್ತ ಉಳಿದವು, ಒಂದರ ಅಂಚಿನ ಮೇಲೆ ಇನ್ನೊಂದು. ಸಂದು ಉಳಿದರೆ ಸಾರು ನೆಲಕ್ಕೆ. ಪಕ್ಕದಲ್ಲಿ ಕೂತು ಕಡ್ಡಿ ಸೀಳಿಕೊಡುತ್ತಾ ಹೋದರೆ ಅವಳು ಮಾತಾಡಿಯಾಳು. ಅವಳ ಮಕ್ಕಳನ್ನು ಕಿತ್ತುಕೊಂಡ ಪ್ಲೇಗಿನ ವಿಷಯ ನೀವಾಗಿ ಎತ್ತಬೇಡಿ.

ಹೊಸದಾಗಿ ಶುರುಮಾಡುವವರಿಗೆ ದೇವನೂರ ಮಹಾದೇವ ಅವರ ‘ಒಡಲಾಳ’ ಒಳ್ಳೆಯದು, ಒಂದೇ ಕೂರಿಗೆ ಮುಗಿಯುವಷ್ಟು ಚಿಕ್ಕದು. ಆ ಭಾಷೆ ಕಣ್ಣಿಗೆ ತೊಡಕಾದರೆ ಗಟ್ಟಿಯಾಗಿ ಓದಿ, ಕಿವಿಗೆ ಅರ್ಥವಾಗುತ್ತದೆ. ಸಾಕವ್ವ ತನ್ನ ಕಳೆದುಹೋದ ಕೋಳಿ ಹುಡುಕುತ್ತಿರುತ್ತಾಳೆ. ಅವಳ ಜೊತೆ ನೀವೂ ಹುಡುಕಿ, ಮಿಕ್ಕ ಮಾತು ಆಮೇಲೆ.