ಲ್ಯಾಬಿನ ಹಿಂದಿನ ಸಾಲು

ಪ್ರಶ್ನೆ: ಪದವಿ ಕಾಲೇಜಿನ ಕಂಪ್ಯೂಟರ್ ತರಗತಿಗೆ ಸ್ಪೋಕನ್ ಟ್ಯುಟೋರಿಯಲ್‌ನಂಥ ಆನ್‌ಲೈನ್ ಪಾಠಗಳನ್ನು ಅಧ್ಯಾಪಕರು ಅಳವಡಿಸಿಕೊಳ್ಳಬೇಕೆ?

ಪರ

ಮೂವತ್ತು ಮಂದಿಯ ಲ್ಯಾಬಿನಲ್ಲಿ ನಾನು ಬೋರ್ಡಿನ ಮುಂದೆ ನಿಂತು ಸ್ಪ್ರೆಡ್‌ಶೀಟ್ ವಿವರಿಸುತ್ತಿದ್ದರೆ ಮುಂದಿನ ಸಾಲಿನ ಐವರು ಆಗಲೇ ಮುಗಿಸಿ ಆಕಳಿಸುತ್ತಿರುತ್ತಾರೆ. ಹಿಂದಿನ ಸಾಲಿನಲ್ಲಿ ಇನ್ನೂ ಫೈಲೇ ತೆರೆದಿರುವುದಿಲ್ಲ. ಮುಂಬೈ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಈ ಗಂಟನ್ನು ಬಹಳ ಸರಳವಾಗಿ ಬಿಡಿಸುತ್ತದೆ. ಸುಮಾರು ಹತ್ತು ನಿಮಿಷದ ಪಾಠ. ಪರದೆಯ ಅರ್ಧದಲ್ಲಿ ವಿಡಿಯೊ, ಇನ್ನರ್ಧದಲ್ಲಿ ಲಿಬ್ರೆಆಫೀಸ್ ಎಂಬ ಉಚಿತ ಕಚೇರಿ ತಂತ್ರಾಂಶ. ಒಂದು ಹೆಜ್ಜೆ ನೋಡು, ನಿಲ್ಲಿಸು, ಮಾಡು. ಹಲವು ಪಾಠಗಳ ಧ್ವನಿ ಕನ್ನಡದಲ್ಲೂ ಸಿಗುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಬಿ.ಕಾಂ. ಹುಡುಗಿ ನನ್ನನ್ನು ಮೂರನೆಯ ಸಲ ಕೇಳಲು ನಾಚುತ್ತಾಳೆ. ವಿಡಿಯೊವನ್ನು ಏಳು ಸಲ ಹಿಂದಕ್ಕೆ ಎಳೆಯಲು ಅವಳಿಗೆ ಯಾವ ಅಳುಕೂ ಇಲ್ಲ. ಮುಂಚೆಯೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಇಂಟರ್ನೆಟ್ ಕೈಕೊಟ್ಟ ದಿನವೂ ತರಗತಿ ನಡೆಯುತ್ತದೆ. ಪಾಠ ನೋಡಲು ಕಾಸೂ ಖರ್ಚಿಲ್ಲ.

ಹಾಗಾದರೆ ಮೇಷ್ಟ್ರು ಏನು ಮಾಡಬೇಕು? ಬೆಂಚುಗಳ ನಡುವೆ ಓಡಾಡಬೇಕು. ಸೂತ್ರವನ್ನು ಕೆಳಗಿನ ಕೋಶಕ್ಕೆ ಎಳೆದಾಗ ಮೊತ್ತ ಏಕೆ ತಪ್ಪಿತು, ಕೋಶದ ವಿಳಾಸ ಬದಲಾಗದಂತೆ ಹಿಡಿದಿಡುವ ಡಾಲರ್ ಚಿಹ್ನೆ ಎಲ್ಲಿ ಬೀಳಬೇಕಿತ್ತು ಎಂದು ಒಬ್ಬೊಬ್ಬರ ಬಳಿ ಬಗ್ಗಿ ಕೇಳಬೇಕು. ಅದೇ ನೋಟ್ಸನ್ನು ವರ್ಷ ವರ್ಷವೂ ಬರೆಸುವುದಕ್ಕಿಂತ ಇದು ಎಷ್ಟೋ ಮೇಲು.

ವಿರೋಧ

ವಿಡಿಯೊ ಚೆನ್ನಾಗಿದೆ, ಒಪ್ಪಿದೆ. ಅದನ್ನು ಪಾಠಕ್ಕೆ ಹೊಂದಿಸುವ ಕೂಲಿಯನ್ನು ಯಾರು ಕೊಡುತ್ತಾರೆ? ಯಾವ ವಿಡಿಯೊ ಪಠ್ಯಕ್ರಮದ ಯಾವ ಘಟಕಕ್ಕೆ ಕೂರುತ್ತದೆ ಎಂದು ನೋಡಲು ವೇಳಾಪಟ್ಟಿಯಲ್ಲಿ ಒಂದು ಗಂಟೆಯೂ ಇಲ್ಲ. ಎರಡು ಕಾಲೇಜುಗಳ ನಡುವೆ ಬಸ್ಸಿನಲ್ಲಿ ಅಲೆಯುವ ಅತಿಥಿ ಉಪನ್ಯಾಸಕನಿಗಂತೂ ಕುರ್ಚಿಯೂ ಇಲ್ಲ. ಸಹಾಯದ ಹೆಸರಿನಲ್ಲಿ ಬರುವುದು ಒಂದು ಸುತ್ತೋಲೆ, ಒಂದು ದಿನದ ಕಾರ್ಯಾಗಾರ. ಅಂಥದ್ದೊಂದರಲ್ಲಿ ನಾನೂ ಕುಳಿತಿದ್ದೆ. ಉದ್ಘಾಟನೆ ಹನ್ನೊಂದೂವರೆಗೆ ಮುಗಿಯಿತು, ಊಟ ಒಂದಕ್ಕೆ, ಪ್ರಮಾಣಪತ್ರ ನಾಲ್ಕಕ್ಕೆ. ಲಾಗಿನ್ ಪಾಸ್‌ವರ್ಡ್ ಮಾತ್ರ ಯಾರ ಕೈಗೂ ಬರಲಿಲ್ಲ.

ಕನ್ನಡದ ಧ್ವನಿ ಕೇಳಿಸಿದರೂ ಪರದೆಯ ಮೇಲಿನ ಮೆನು ಇಂಗ್ಲಿಷಿನದೇ. ಲಿಬ್ರೆಆಫೀಸ್ ವರ್ಷಕ್ಕೆರಡು ಸಲ ಹೊಸ ಆವೃತ್ತಿ ತರುತ್ತದೆ; ಒಮ್ಮೆ ಚಿತ್ರೀಕರಿಸಿದ ಪಾಠ ಇದ್ದಲ್ಲೇ ಇರುತ್ತದೆ. ಈ ಅಂತರ ತುಂಬುವವರು ಮತ್ತೆ ಅಧ್ಯಾಪಕರೇ. ಇನ್ನು ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ವೇದಿಕೆಯಿಂದ ಒಂದು ಸೆಮಿಸ್ಟರಿನ ಎಷ್ಟು ಕೋರ್ಸುಗಳನ್ನು ಪಡೆಯಬಹುದು ಎಂಬುದಕ್ಕೆ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2016ರಲ್ಲಿ ಶೇ. 20ರ ಮಿತಿ ಇಟ್ಟಿತ್ತು, 2021ರಲ್ಲಿ ಅದನ್ನು ಶೇ. 40ಕ್ಕೆ ಏರಿಸಿತು. ವರ್ಷಗಟ್ಟಲೆ ಹುದ್ದೆ ತುಂಬದ ಆಡಳಿತಕ್ಕೆ ಈ ಅಂಕಿ ಹೇಗೆ ಕಾಣುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕೆ?

ಲ್ಯಾಬಿಗೇ ಬರೋಣ. ಕೆಲಸ ಮಾಡುವ ಹೆಡ್‌ಫೋನ್ ಎಂಟು. ಕೊನೆಗೆ ವಿಡಿಯೊವನ್ನು ಪ್ರೊಜೆಕ್ಟರಿಗೆ ಹಾಕುತ್ತೇವೆ, ಮೂವತ್ತು ಮಂದಿಯೂ ಒಟ್ಟಿಗೆ ನೋಡುತ್ತಾರೆ. ಮುಂದಿನ ಸಾಲು ಆಕಳಿಸುತ್ತದೆ. ಹಿಂದಿನ ಸಾಲಿನವರು ಇನ್ನೂ ಫೈಲ್ ಹುಡುಕುತ್ತಿರುತ್ತಾರೆ.