ಮೊದಲು ಸತ್ತಿದ್ದಕ್ಕೆ ಪುರಾವೆ ತನ್ನಿ

ಯುದ್ಧಕ್ಕೆ ಜನ ಬೇಕಾದಾಗ ಸರ್ಕಾರಗಳಿಗೆ ಬರುವ ಚುರುಕು ನೋಡಬೇಕು. ಯಾವ ಮನೆಯಲ್ಲಿ ಎಷ್ಟು ಗಂಡುಮಕ್ಕಳಿದ್ದಾರೆ, ಯಾರಿಗೆ ಎಷ್ಟು ವಯಸ್ಸು, ಯಾರು ಅಟ್ಟದ ಮೇಲೆ ಅಡಗಿ ಕೂತಿದ್ದಾರೆ, ಎಲ್ಲವೂ ಗೊತ್ತಿರುತ್ತದೆ. ಆದೇಶ ಸೀದಾ ಬಾಗಿಲಿಗೇ ಬರುತ್ತದೆ. ಅದೇ ಮನುಷ್ಯ ಯುದ್ಧ ಮುಗಿಸಿ, ಮುದುಕನಾಗಿ ತೀರಿಕೊಂಡ ಮೇಲೆ ಮೊಮ್ಮಗಳು ಒಂದು ಕಾಗದ ಬರೆಯುತ್ತಾಳೆ: ನಮ್ಮ ತಾತ ಯುದ್ಧದಲ್ಲಿ ಎಲ್ಲಿದ್ದರು, ಏನು ಮಾಡಿದರು? ಸರ್ಕಾರಕ್ಕೆ ದಿಢೀರನೆ ಮರೆವು ಶುರುವಾಗುತ್ತದೆ. ತಾತನಾ? ಯಾವ ತಾತ? ನಂಬರ್ ಹೇಳಿ.

ಈ ನಂಬರ್ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ದಾಖಲೆ ಹುಡುಕಿಕೊಡಲು ಕಚೇರಿಗೆ ಸೈನಿಕನ ಸಂಖ್ಯೆ ಬೇಕು. ಸಂಖ್ಯೆ ಇರುವುದು ದಾಖಲೆಯಲ್ಲಿ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ತಾತನ ಪೆಟ್ಟಿಗೆಯಲ್ಲಿ ಪದಕವಾದರೂ ಇದ್ದೀತು ಎಂದು ಹುಡುಕುತ್ತೀರಿ. ಮೊದಲ ಮಹಾಯುದ್ಧದ ಬ್ರಿಟಿಷ್ ಪದಕ ಸಿಕ್ಕರೆ ನಿಮ್ಮ ಪುಣ್ಯ. ಭೂತಗನ್ನಡಿ ಹಿಡಿದು ಅಂಚನ್ನು ತಿರುಗಿಸಿ ನೋಡಿದರೆ ಸಂಖ್ಯೆ, ದರ್ಜೆ, ಹೆಸರು, ರೆಜಿಮೆಂಟು ಎಲ್ಲ ಸಣ್ಣ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಎರಡನೇ ಯುದ್ಧದ್ದಾದರೆ ಎಷ್ಟು ತಿರುಗಿಸಿದರೂ ಬರೀ ಲೋಹ. ಆ ಯುದ್ಧದ ಪದಕಗಳಿಗೆ ಹೆಸರು ಹಾಕುವುದು ಬೇಡ ಎಂದು ಬ್ರಿಟನ್ ತೀರ್ಮಾನಿಸಿತ್ತು. ಆರು ವರ್ಷ ಯುದ್ಧ ನಡೆಸಲು ದುಡ್ಡಿತ್ತು. ಹತ್ತು ಅಕ್ಷರ ಕೆತ್ತಿಸುವಾಗ ಮಿತವ್ಯಯ ನೆನಪಾಯಿತು.

ಸಂಖ್ಯೆ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಮೊದಲ ಯುದ್ಧದ ಬ್ರಿಟಿಷ್ ಸೇನೆಯಲ್ಲಿ ಪ್ರತಿ ರೆಜಿಮೆಂಟೂ ತನ್ನದೇ ಲೆಕ್ಕದಲ್ಲಿ ನಂಬರ್ ಕೊಡುತ್ತಿತ್ತು. ಒಂದೇ ನಂಬರ್ ಹಲವರಿಗೆ ಇರುತ್ತಿತ್ತು. ರೆಜಿಮೆಂಟ್ ಬದಲಾದರೆ ಒಬ್ಬನಿಗೇ ಮೂರು ನಂಬರ್. ಸಾಲದ್ದಕ್ಕೆ 1917ರಲ್ಲಿ ಟೆರಿಟೋರಿಯಲ್ ಪಡೆಯವರಿಗೆಲ್ಲ (ಬಿಡುವಿನ ವೇಳೆಯಲ್ಲಿ ತರಬೇತಿ ಪಡೆದ ಸ್ವಯಂಸೇವಕ ಸೈನಿಕರಿಗೆ) ಯುದ್ಧದ ಮಧ್ಯೆಯೇ ಹೊಸ ನಂಬರ್ ಹಂಚಿದರು. ಒಬ್ಬನಿಗೆ ಒಂದೇ ನಂಬರ್ ಇರಲಿ ಎಂಬ ಬುದ್ಧಿ ಬಂದಿದ್ದು 1920ರಲ್ಲಿ. ಅಷ್ಟರಲ್ಲಿ ಯುದ್ಧ ಮುಗಿದಿತ್ತು.

ಇನ್ನು ಮರಣ ಪ್ರಮಾಣಪತ್ರ. 1914ರಲ್ಲಿ ಹುಡುಗನೊಬ್ಬ ಮೀಸೆ ಮೂಡುವ ಮೊದಲೇ ಬಂದು "ನನಗೆ ಹತ್ತೊಂಬತ್ತು" ಅಂದರೆ, ಭರ್ತಿ ಮಾಡುವ ಸಾರ್ಜೆಂಟು ಜನನ ಪತ್ರ ಕೇಳುತ್ತಿರಲಿಲ್ಲ. ಹುಡುಗನ ಮಾತೇ ಸಾಕಿತ್ತು. ಅಂಥ ನಂಬಿಕೆ! ಈಗ ಅವನ ಮನೆಯವರು ಬಂದು "ಅವರು ತೀರಿಕೊಂಡಿದ್ದಾರೆ" ಅಂದರೆ ಆ ಮಾತು ಸಾಕಾಗುವುದಿಲ್ಲ. ಬ್ರಿಟನ್ನಿನ ನಿಯಮ ಹೀಗಿದೆ: ಸತ್ತದ್ದಕ್ಕೆ ಪುರಾವೆ ಇಲ್ಲದಿದ್ದರೆ, ಹುಟ್ಟಿ 115 ವರ್ಷ ತುಂಬುವವರೆಗೆ ಕಡತ ತೆರೆಯುವ ಹಾಗಿಲ್ಲ. 1916ರಲ್ಲಿ ಹುಟ್ಟಿದವರ ಕಾಗದಕ್ಕೆ 2031ರವರೆಗೆ ಕಾಯಬೇಕು. ಅಲ್ಲಿಯವರೆಗೆ ಸರ್ಕಾರದ ಲೆಕ್ಕದಲ್ಲಿ ನಿಮ್ಮ ತಾತ ಎಲ್ಲೋ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾರೆ. ಅವರ ಗೋಪ್ಯತೆ ಕಾಪಾಡಬೇಕಲ್ವಾ? ಸೇವೆಯಲ್ಲಿದ್ದಾಗಲೇ ಸತ್ತವರ ಮನೆಯವರಿಗೆ ಮಾತ್ರ ಈ ಪತ್ರದ ಕಾಟವಿಲ್ಲ. ಸೇನೆಗೆ ತನ್ನ ಕೈಯಲ್ಲಿ ಆದ ಸಾವಿನ ಬಗ್ಗೆ ಪೂರ್ತಿ ಭರವಸೆ ಇದೆ.

ಅಮೆರಿಕದವರು ಈ ವಿಷಯದಲ್ಲಿ ಉದಾರಿಗಳು. ಸೇವೆಯಿಂದ ಬಿಡುಗಡೆಯಾಗಿ 62 ವರ್ಷವಾದರೆ ಕಡತವನ್ನು ಯಾರು ಬೇಕಾದರೂ ಕೇಳಬಹುದು. ವಿಯೆಟ್ನಾಂಗೆ ಹೋಗಿ 1970ರಲ್ಲಿ ಬಿಡುಗಡೆಯಾದವರ ಕಡತ ತೆರೆಯುವುದು 2032ಕ್ಕೆ. ಅದಕ್ಕಿಂತ ಮೊದಲು ಬೇಕೆಂದರೆ ಹತ್ತಿರದ ಸಂಬಂಧಿಯೇ ಆಗಬೇಕು. ಯಾರು ಹತ್ತಿರದವರು? ಅಪ್ಪ, ಅಮ್ಮ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿ, ಮತ್ತೆ ಮದುವೆಯಾಗದೆ ಉಳಿದ ಹೆಂಡತಿ ಅಥವಾ ಗಂಡ. ಮೊಮ್ಮಕ್ಕಳು ಈ ಪಟ್ಟಿಯಲ್ಲಿಲ್ಲ. ಸಂಜೆ ಹೊತ್ತು ಪಕ್ಕದಲ್ಲಿ ಕೂತು ಯುದ್ಧದ ಕಥೆ ಕೇಳಿದ ಮೊಮ್ಮಗ ಹೊರಗಿನವನು. ತೀರಿಕೊಂಡವರ ತಂದೆ ನೂರು ದಾಟಿ ಇನ್ನೂ ಇದ್ದರೆ, ಪಾಪ, ಬಂದು ಅರ್ಜಿ ಹಾಕಬಹುದು.

ಇಷ್ಟೆಲ್ಲ ದಾಟಿ ಬಂದವರಿಗೆ ಕೊನೆಗೆ ಸಿಗುವ ಉತ್ತರ, ಬಹಳ ಸಲ, ಬೆಂಕಿ.

ಒಂದನೇ ಮಹಾಯುದ್ಧದ ಬ್ರಿಟಿಷ್ ಸೈನಿಕರ ಕಡತಗಳನ್ನು ಲಂಡನ್ನಿನ ಆರ್ನ್‌ಸೈಡ್ ಬೀದಿಯ ಗೋದಾಮಿನಲ್ಲಿ ಇಟ್ಟಿದ್ದರು. 1940ರ ಸೆಪ್ಟೆಂಬರ್‌ನಲ್ಲಿ ಜರ್ಮನ್ ಬಾಂಬು ಬಿತ್ತು. ನೂರಕ್ಕೆ ಸುಮಾರು ಅರವತ್ತು ಕಡತ ಹೋದವು. ಜರ್ಮನಿಯ ಅತಿ ದೊಡ್ಡ ರಾಜ್ಯವಾಗಿದ್ದ ಪ್ರಷ್ಯದ ಸೇನೆಯ ಕಡತಗಳು ಬರ್ಲಿನ್ ಪಕ್ಕದ ಪಾಟ್ಸ್‌ಡ್ಯಾಮ್‌ನಲ್ಲಿದ್ದವು. 1945ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಬಾಂಬು ಬಿತ್ತು, ಅವೂ ಹೋದವು. ಮೊದಲ ಯುದ್ಧದಲ್ಲಿ ಒಬ್ಬರನ್ನೊಬ್ಬರು ಕೊಂದದ್ದು ಸಾಲದೆ, ಎರಡನೇ ಯುದ್ಧದಲ್ಲಿ ಒಬ್ಬರು ಇನ್ನೊಬ್ಬರ ಗುಮಾಸ್ತಗಿರಿಯನ್ನೂ ಮುಗಿಸಿದರು. ನಿಮ್ಮ ಮುತ್ತಾತ ಪ್ರಷ್ಯದ ಬದಲು ಜರ್ಮನಿಯದೇ ಇನ್ನೊಂದು ರಾಜ್ಯವಾದ ಬವೇರಿಯದವರಾಗಿದ್ದರೆ ಆಸೆ ಇಟ್ಟುಕೊಳ್ಳಬಹುದು. ಅಲ್ಲಿನ ಕಾಗದಗಳು ಮ್ಯೂನಿಕ್‌ನಲ್ಲಿ ಉಳಿದುಕೊಂಡಿವೆ.

ಅಮೆರಿಕದವರಿಗೆ ಶತ್ರುವಿನ ಸಹಾಯ ಬೇಕಾಗಲಿಲ್ಲ. ಸೇಂಟ್ ಲೂಯಿಸ್‌ನಲ್ಲಿ ಆರು ಮಹಡಿಯ ದೊಡ್ಡ ಕಟ್ಟಡ ಕಟ್ಟಿ ಕೋಟಿಗಟ್ಟಲೆ ಕಡತ ತುಂಬಿದರು. ಕಡತ ಇಟ್ಟ ಮಹಡಿಗಳಲ್ಲಿ ನೀರು ಸಿಂಪಡಿಸುವ ವ್ಯವಸ್ಥೆ ಇರಲಿಲ್ಲ. ನೀರು ಬಿದ್ದರೆ ಕಾಗದ ಹಾಳಾಗುತ್ತದೆ ಎಂಬ ಮುಂದಾಲೋಚನೆ ದಾಖಲೆ ಕಾಯುವವರಲ್ಲಿ ಆಗ ಇತ್ತು. 1973ರ ಜುಲೈ 12ರ ನಡುರಾತ್ರಿ ಆರನೇ ಮಹಡಿಗೆ ಬೆಂಕಿ ಹತ್ತಿತು. ನಾಲ್ಕು ದಿನ ಉರಿಯಿತು. ಅಗ್ನಿಶಾಮಕದವರು ಲಕ್ಷಾಂತರ ಗ್ಯಾಲನ್ ನೀರು ಸುರಿದರು. ಸುಟ್ಟಿದ್ದು ಸುಟ್ಟಿತು, ಉಳಿದದ್ದು ನೆನೆಯಿತು, ನೆನೆದದ್ದಕ್ಕೆ ಬೂಷ್ಟು ಹಿಡಿಯಿತು. 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಕಡತಗಳು ನಾಶವಾದವು. ನಕಲು ಇರಲಿಲ್ಲ. ಮೈಕ್ರೋಫಿಲ್ಮ್ ಇರಲಿಲ್ಲ. ಏನೇನಿತ್ತು ಎನ್ನುವ ಸೂಚಿಯೂ ಇರಲಿಲ್ಲ. ಹಾಗಾಗಿ ಏನು ಹೋಯಿತು ಎಂದು ಹೇಳುವುದೂ ಕಷ್ಟ. 1912ರಿಂದ 1960ರೊಳಗೆ ಬಿಡುಗಡೆಯಾದ ಭೂಸೇನೆಯವರ ಕಡತಗಳಲ್ಲಿ ಶೇಕಡಾ 80 ಹೋದವು ಎಂಬ ಅಂದಾಜಿದೆ.

ವಾಯುಪಡೆಯದ್ದಂತೂ ಅಕ್ಷರಮಾಲೆಯ ಆಟ. ಬೆಂಕಿಗೆ ಸಿಕ್ಕಿದ್ದು ಇಂಗ್ಲಿಷ್ ವರ್ಣಮಾಲೆಯಲ್ಲಿ ಹಬ್ಬರ್ಡ್ ಎಂಬ ಹೆಸರಿನಿಂದ ಮುಂದಿನವರ ಕಡತಗಳು. ಆಡಮ್ಸ್‌ಗಳು ಬಚಾವು, ವಿಲ್ಸನ್‌ಗಳು ಬೂದಿ. ಸಾಲದ ಮೇಲೆ ಬೇರೆ ಇಲಾಖೆಗೆ ಹೋಗಿದ್ದ ಕಾಗದಗಳೂ ಬೇಕಾದಷ್ಟಿದ್ದವು. ಅವಕ್ಕೆ ಏನೂ ಆಗಲಿಲ್ಲ. ತೆಗೆದುಕೊಂಡದ್ದನ್ನು ವಾಪಸ್ ಕೊಡದಿರುವ ಸರ್ಕಾರಿ ಗುಣವನ್ನು ನಾವು ಸುಮ್ನೆ ಬೈಯುತ್ತೇವೆ. ಅದರಿಂದ ಇತಿಹಾಸ ಉಳಿದ ಉದಾಹರಣೆ ಇದು.

ಲಂಡನ್ನಿನ ಕಡತಗಳದ್ದೂ ಇಂಥದ್ದೇ ಕಥೆ. ಸುಟ್ಟವು ಹೋದ ಮೇಲೆ, ಪಿಂಚಣಿ ಇಲಾಖೆ ಮುಂತಾದ ಕಡೆ ಇದ್ದ ಕಾಗದ ಸೇರಿಸಿ ಇನ್ನೊಂದು ಕಂತೆ ಮಾಡಿದರು. ಅಂದರೆ ಗಾಯವಾಗಿ ಪಿಂಚಣಿ ಪಡೆದವರ ಕಾಗದ ಸಿಗುವ ಸಾಧ್ಯತೆ ಜಾಸ್ತಿ. ಕೈಕಾಲು ನೆಟ್ಟಗೆ ಇಟ್ಟುಕೊಂಡು ಮನೆಗೆ ಬಂದವನು ಚರಿತ್ರೆಯ ದೃಷ್ಟಿಯಲ್ಲಿ ಬೇಜವಾಬ್ದಾರಿ ಮನುಷ್ಯ.

ಕಡತ ಬೇಡ, ತುಕಡಿಯ ದಿನಚರಿಯಾದರೂ ನೋಡೋಣ ಎಂದು ಕೆಲವರು ಅತ್ತ ಹೊರಡುತ್ತಾರೆ. ಅದು ಇದೆ, ಚೆನ್ನಾಗಿಯೇ ಇದೆ. ಹವಾಮಾನ ಇದೆ. ಎಷ್ಟು ಹೊತ್ತಿಗೆ ಹೊರಟರು, ಯಾವ ರಸ್ತೆ ಹಿಡಿದರು ಎಂಬುದಿದೆ. ಗಾಯಗೊಂಡ ಅಧಿಕಾರಿಯ ಹೆಸರಿದೆ, ರಜೆಯಿಂದ ವಾಪಸ್ ಬಂದ ಅಧಿಕಾರಿಯ ಹೆಸರಿದೆ. ಆಮೇಲೆ ಒಂದು ಸಾಲು: ಇತರೆ ದರ್ಜೆಯವರು (ಅಂದರೆ ಅಧಿಕಾರಿಗಳಲ್ಲದ ಸೈನಿಕರು), ಸತ್ತವರು ಇಷ್ಟು, ಗಾಯಾಳುಗಳು ಇಷ್ಟು. ನಿಮ್ಮ ತಾತ ಆ ಸಾಲಿನೊಳಗೆ ಎಲ್ಲೋ ಇದ್ದಾರೆ. ಕುದುರೆಗಳ ಲೆಕ್ಕ ಕೆಲವೊಮ್ಮೆ ಪಕ್ಕದಲ್ಲೇ ಸಿಗುತ್ತದೆ.

ಇದನ್ನು ಆತುರದಲ್ಲಿ ಬರೆದದ್ದು, ಗುಂಡು ಹಾರುವಾಗ ಹೆಸರು ಬರೆಯುತ್ತಾ ಕೂರಲು ಆಗುತ್ತಾ ಅನ್ನಬಹುದು. ಹಾಗಾದರೆ ಮೊದಲ ಯುದ್ಧದಲ್ಲಿ ಸತ್ತವರ ನೆನಪಿಗೆ ಕಟ್ಟಿದ ಇರಾಕಿನ ಬಸ್ರಾ ಸ್ಮಾರಕ ನೋಡಿ. ಅದನ್ನು ಪುರಸೊತ್ತಿನಲ್ಲೇ ಕಲ್ಲಿನ ಮೇಲೆ ಕೆತ್ತಿದರು. ಭಾರತೀಯ ತುಕಡಿಗಳ ಅಧಿಕಾರಿಗಳಿಗೆ ಹೆಸರು, ಉಳಿದವರಿಗೆ "ಮತ್ತು ಇಷ್ಟು ಮಂದಿ ಭಾರತೀಯ ಸೈನಿಕರು" ಎಂಬ ಲೆಕ್ಕ. 2021ರಲ್ಲಿ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ತನ್ನದೇ ತನಿಖಾ ವರದಿ ಹೊರತಂದು ಕ್ಷಮೆ ಕೇಳಿತು. ಮೊದಲ ಯುದ್ಧದಲ್ಲಿ ಬ್ರಿಟಿಷ್ ಸಾಮ್ರಾಜ್ಯದ ಪರವಾಗಿ ಸತ್ತವರಲ್ಲಿ ಕನಿಷ್ಠ 1,16,000 ಮಂದಿಯ ಹೆಸರು ಸ್ಮಾರಕಗಳಲ್ಲಿ ಇಲ್ಲ, ಅವರಲ್ಲಿ ಹೆಚ್ಚಿನವರು ಆಫ್ರಿಕಾ ಮತ್ತು ಮಧ್ಯಪ್ರಾಚ್ಯದವರು, ಸಂಖ್ಯೆ 3,50,000ದವರೆಗೂ ಹೋಗಬಹುದು ಎಂದಿತು. ಎರಡು ಲಕ್ಷಕ್ಕೂ ಮೀರಿದ ಅಂತರವನ್ನು "ಹೋಗಬಹುದು" ಎಂಬ ಒಂದು ಪದದಲ್ಲಿ ಮಡಚಿಡಲು ನೂರು ವರ್ಷ ಹಿಡಿಯಿತು. ಇವರ ಮೊಮ್ಮಕ್ಕಳು ಸೈನಿಕನ ಸಂಖ್ಯೆಯ ಕಾಲಂನಲ್ಲಿ ಏನು ಬರೆಯಬೇಕೋ!

ಹಾಗಂತ ಯಾರಿಗೂ ಏನೂ ಸಿಗುವುದಿಲ್ಲ ಅನ್ನಬೇಡಿ. ಆಸ್ಟ್ರೇಲಿಯ, ಕೆನಡಾದವರು ಮೊದಲ ಯುದ್ಧದ ಲಕ್ಷಾಂತರ ಕಡತಗಳನ್ನು ಸ್ಕ್ಯಾನ್ ಮಾಡಿ ಯಾರು ಬೇಕಾದರೂ ಓದಲಿ ಎಂದು ಬಿಟ್ಟಿದ್ದಾರೆ. ಅಲ್ಲಿ ಒಂದು ಕಡತ ತೆಗೆದು ಓದಿ. ಎತ್ತರ, ತೂಕ, ಎದೆಯ ಸುತ್ತಳತೆ, ಉಸಿರು ಎಳೆದಾಗ ಎಷ್ಟು, ಬಿಟ್ಟಾಗ ಎಷ್ಟು. ಕಣ್ಣಿನ ಬಣ್ಣ. ಹಲ್ಲಿನ ಸ್ಥಿತಿ. ಎಡ ಮೊಣಕಾಲ ಕೆಳಗೊಂದು ಗಾಯದ ಗುರುತು. ಮನುಷ್ಯನ ಬಗ್ಗೆ ಇಷ್ಟು ಮುತುವರ್ಜಿಯಿಂದ ಅವನ ತಾಯಿಯೂ ಬರೆದಿಟ್ಟಿರುವುದಿಲ್ಲ. ಆದರೆ ಮನೆಯವರಿಗೆ ಬೇಕಾಗಿದ್ದು ಅವನು ಯಾವ ಕಂದಕದಲ್ಲಿದ್ದ, ಏನು ಕಂಡ, ರಾತ್ರಿ ಯಾಕೆ ಕಿರುಚಿ ಏಳುತ್ತಿದ್ದ ಎಂಬುದು. ಅದಕ್ಕೆ ಫಾರಂನಲ್ಲಿ ಜಾಗವಿಲ್ಲ. ಜಾಗ ಇರುವುದು ಶಿಕ್ಷೆಗೆ. ತೆಪ್ಪಗೆ ಹೇಳಿದ ಕೆಲಸ ಮಾಡಿದವನ ಕಡತ ನಾಲ್ಕು ಹಾಳೆ. ಹೇಳದೆ ಕೇಳದೆ ನಾಪತ್ತೆಯಾದವನು, ಕುಡಿದು ಸಾರ್ಜೆಂಟಿಗೆ ಎದುರು ಮಾತಾಡಿದವನು, ಹೇಳಬಾರದ ಕಾಯಿಲೆಗೆ ಆಸ್ಪತ್ರೆ ಸೇರಿದವನು, ಇವರ ಕಡತ ದಪ್ಪ. ತಾರೀಕು, ಸಾಕ್ಷಿಗಳು, ಕಡಿತವಾದ ಸಂಬಳ, ಎಲ್ಲ ಅಚ್ಚುಕಟ್ಟು.

ಮನೆತನದ ವೀರನನ್ನು ಹುಡುಕಿಕೊಂಡು ಹೋದ ಕುಟುಂಬದ ಕೈಗೆ ಇಂಥ ದಪ್ಪ ಕಡತ ಬಂದಾಗ ನಡೆಯುವುದು ಒಂದೇ. ಎಲ್ಲರೂ ಸುತ್ತ ಕೂತು ಓದುತ್ತಾರೆ. ಎತ್ತರ ಹೊಂದುತ್ತದೆ, ಕಣ್ಣಿನ ಬಣ್ಣ ಹೊಂದುತ್ತದೆ, ಮೊಣಕಾಲ ಗಾಯವೂ ಹೊಂದುತ್ತದೆ. ಮೂರನೇ ಪುಟದಲ್ಲಿ ಮೊದಲ ದಂಡ ಕಾಣಿಸುತ್ತದೆ. ಏಳನೇ ಪುಟದ ಹೊತ್ತಿಗೆ ದೊಡ್ಡವರು ಒಮ್ಮತಕ್ಕೆ ಬಂದಿರುತ್ತಾರೆ: ಇವನು ಅದೇ ಹೆಸರಿನ ಬೇರೆ ಯಾರೋ. ಮರುದಿನವೇ ಕಚೇರಿಗೆ ಹೊಸ ಅರ್ಜಿ ಹೋಗುತ್ತದೆ, ನಮ್ಮ ಅಸಲಿ ತಾತನನ್ನು ದಯವಿಟ್ಟು ಹುಡುಕಿಕೊಡಿ ಎಂದು. ಜೊತೆಗೆ ಮರಣ ಪ್ರಮಾಣಪತ್ರ ಲಗತ್ತಿಸಿದೆ.