ಹತ್ತು ಮಿಲಿಸೆಕೆಂಡು ಹತ್ತು ನಿಮಿಷ ಆಗಿದ್ದು

ಪುಣೆಯ ಹಿಂಜವಡಿಯಿಂದ ಮನೀಗೆ ಹೋಗೂ ಬಸ್ಸಿನ್ಯಾಗ ಕುಂತು ಬರ್ಯಾಕತ್ತೀನಿ, ಉದ್ದ ಆದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮ ಸರ್ವೀಸಿನ್ಯಾಗ ಒಂದು ರಿಕ್ವೆಸ್ಟ್ ಫೇಲ್ ಆದ್ರ ಮತ್ತ ಟ್ರೈ ಮಾಡೂಕಿಂತ ಮೊದಲ ಎಷ್ಟೊತ್ತು ಕಾಯಬೇಕು ಅನ್ನೂದನ್ನ ಕಾನ್ಫಿಗ್ (ಸೆಟ್ಟಿಂಗ್) ಫೈಲಿನ್ಯಾಗ ಬರೀತೀವಿ, 5ಎಸ್ ಅಂದ್ರ ಐದು ಸೆಕೆಂಡು, 2ಎಂ ಅಂದ್ರ ಎರಡು ನಿಮಿಷ, ಹಿಂಗ. ಹ್ವಾದ ತಿಂಗಳ ಒಬ್ರು 10ಎಂಎಸ್, ಅಂದ್ರ ಹತ್ತು ಮಿಲಿಸೆಕೆಂಡು, ಅಂತ ಹಾಕಿದ್ರು, ಕೋಡು ಅದನ್ನ ಹತ್ತು ನಿಮಿಷ ಅಂತ ಓದ್ಕೊಂಡ್ತು. 60,000 ಪಟ್ಟು ಫರಕು! ಎರರ್ ಇಲ್ಲ ಏನಿಲ್ಲ, ಸರ್ವೀಸು ಸುಮ್ನ ಕುಂತಿತ್ತು, ನಾವು ರಾತ್ರಿ ಎರಡರ ತನಕ ಡೇಟಾಬೇಸ್ ಮ್ಯಾಲೆ ಸಂಶಯ ಪಟ್ಕೊಂತ ಕುಂತಿದ್ವಿ. ಕಡೀಗೆ ನೋಡಿದ್ರ ರೆಜೆಕ್ಸಿನ್ಯಾಗ (ಪಠ್ಯದಾಗ ಏನು ಹುಡುಕಬೇಕು ಅಂತ ಹೇಳೂ ನಮೂನೆ) ಎಚ್ (ತಾಸು), ಎಂ, ಎಸ್, ಎಂಎಸ್ ಅಂತ ಆ ಕ್ರಮದಾಗ ಬರದಿತ್ತು. ಅದು ಎಡಗಡೆಯಿಂದ ನೋಡ್ಕೊಂತ ಬಂದು ಎಂ ಸಿಕ್ಕಕೂಡ್ಲೆ ನಿಂತ್ಬಿಡ್ತು, ಉಳದ ಎಸ್ ಕಡೆ ಯಾರೂ ನೋಡ್ಲೇ ಇಲ್ಲ.

ಟೆಸ್ಟ್ ಇದ್ವು ರೀ, ಎಲ್ಲಾ ಹಸಿರು, ಅಂದ್ರ ಪಾಸ್. ಆದ್ರ ಎಲ್ಲಾ ಸರಿಯಾಗಿ ಬರದಿದ್ದ, ನಮಗ ಮೊದಲ ಗೊತ್ತಿದ್ದ ಇನ್‌ಪುಟ್ಟಿಗೆ. ಏನು ಒಪ್ಕೋಬೇಕು ಅನ್ನೂದಕ್ಕಿಂತ ಏನು ಒಪ್ಕೋಬಾರ್ದು ಅನ್ನೂ ಟೆಸ್ಟು ಹೆಚ್ಚಿರಬೇಕು ಅಂತ ನಾ ಅವತ್ತಿಂದ ಎಲ್ಲಾರ ಜೋಡಿ ಜಗಳಾಡಾಕತ್ತೀನಿ. ಖಾಲಿ ಸ್ಟ್ರಿಂಗು (ಏನೂ ಬರೀದ ಪಠ್ಯ), ಬರೇ 30 (ಸೆಕೆಂಡೋ ನಿಮಿಷೋ?), ಕಡೀಗೆ ಉಳದ ಅಕ್ಷರ, ಇವೆಲ್ಲಾ ಎರರ್ ಆಗ್ಲೇಬೇಕು. ನಮ್ಮವ್ವ ಧಾರವಾಡದಿಂದ ಫೋನ್ ಮಾಡಿ ‘ಒಂದೂವರಿ ತಾಸಿನ್ಯಾಗ ಮಾಡ್ತೀನಿ’ ಅಂದ್ರ ನನಗ ತಿಳೀತೈತಿ, ಆಫೀಸಿನ ಮರಾಠಿ ಗೆಳತಿ ದೀಡ್ ತಾಸ್ ಅಂದ್ರೂ ತಿಳೀತೈತಿ, ತಿಳೀಲಿಲ್ಲಂದ್ರ ಕೇಳ್ತೀನಿ. ಕೋಡು ಕೇಳಂಗಿಲ್ಲ, ಊಹೆ ಮಾಡ್ತೈತಿ.

ಎಂ ಒಂದ ಅಕ್ಷರದ ಕಾಟ ಎಷ್ಟೈತಿ ನೋಡ್ರಿ. ದಿನಾಂಕ, ಸಮಯ ಬರಿಯೂ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 8601ರಾಗ ಪಿಟಿ1ಎಂ ಅಂದ್ರ ಒಂದು ನಿಮಿಷ, ನಡುವಿನ ಟಿ ಬಿಟ್ರ ಒಂದು ತಿಂಗಳು. ಲಿನಕ್ಸಿನ್ಯಾಗ ಸರ್ವೀಸ್ ನಡಸೂ ಸಿಸ್ಟಮ್‌ಡಿಯಾಗ ಸಣ್ಣ ಎಂ ನಿಮಿಷ, ದೊಡ್ಡ ಎಂ ತಿಂಗಳು. ಅಂಥಾದ್ರಾಗ ಪಾರ್ಸ್ ಮಾಡೂ (ಬರದಿದ್ದನ್ನ ಬಿಡಿಸಿ ಓದೂ) ಮೊದಲ ಎಲ್ಲಾ ಲೋವರ್‌ಕೇಸ್ (ಸಣ್ಣ ಅಕ್ಷರ) ಮಾಡೂ ಕೋಡ್ ನೋಡಿದ್ರ ನನಗ ಹೊಟ್ಟ್ಯಾಗ ತಳಮಳ ಆಗ್ತೈತಿ. ಗೋ ಅನ್ನೂ ಪ್ರೋಗ್ರಾಮಿಂಗ್ ಭಾಷೆಯೊಳಗ ತಾಸಿಗಿಂತ ದೊಡ್ಡ ಯೂನಿಟ್ಟೇ ಇಲ್ಲ, ಯಾಕಂದ್ರ ಗಡಿಯಾರ ಹಿಂದ ಮುಂದ ಮಾಡೂ ದೇಶದಾಗ ಒಂದು ದಿನ 23 ತಾಸೂ ಆಗಬಹುದು, 25 ತಾಸೂ ಆಗಬಹುದು. ಇದು ಭಾಳ ಪ್ರಾಮಾಣಿಕ ನಿರ್ಧಾರ ಅಂತ ನನಗ ಅನಸ್ತೈತಿ.

ಇನ್ನೊಂದು, ಸರ್ವರಿನ್ಯಾಗ ಓಡೂ ಪೈಥಾನ್ ಭಾಷೆಗೆ ೩೦ ಅಂತ ಕನ್ನಡ ಅಂಕಿ ಕೊಟ್ರ 30 ಅಂತನ ಓದ್ತೈತಿ! ಖುಷಿ ಆತು ಖರೆ, ಆದ್ರ ವೆಬ್‌ಪೇಜಿನ್ಯಾಗ ಓಡೂ ಜಾವಾಸ್ಕ್ರಿಪ್ಟಿನ ರೆಜೆಕ್ಸ್ ಅದನ್ನ ಅಂಕಿ ಅಂತ ಒಪ್ಪಂಗಿಲ್ಲ, ಅಂದ್ರ ವೆಬ್‌ಪೇಜು ಬ್ಯಾಡ ಅಂದಿದ್ದನ್ನ ಸರ್ವರ್ ಹೂಂ ಅಂತೈತಿ. ಅದಕ್ಕೂ ಒಂದು ಟೆಸ್ಟ್ ಬರದೆ.

ಈಗ ಹೈಪಾಥಿಸಿಸ್ ಅನ್ನೂ ಟೆಸ್ಟಿಂಗ್ ಲೈಬ್ರರಿ ಹಾಕೇವಿ. ಅದು ತಾನ ಯಾವ್ಯಾವ್ದೋ ಅವಧಿ ಹುಟ್ಟಿಸಿ, ಸ್ಟ್ರಿಂಗ್ ಮಾಡಿ, ತಿರುಗಿ ಪಾರ್ಸ್ ಮಾಡಿ, ಮೊದಲಿನದ ಬಂತೇನು ಅಂತ ನೋಡ್ತೈತಿ. ಹಳೇ ಪಾರ್ಸರ್ ಮ್ಯಾಲೆ ಓಡಿಸಿದೆ, ಮೊದಲನೇ ರನ್ನಿನ್ಯಾಗ ಮಿಲಿಸೆಕೆಂಡಿನ ಅವಧಿಗೇ ಫೇಲ್ ಆತು.